ಜಮಖಂಡಿಗೆ ಯಾರರ ಟ್ರಿಪ್ ಹೋಗತಾರೇನು?

"ಒಂದ ದಿನ. ಬರೇ ಒಂದ ದಿನ ಈ ಊರು ನನ್ನ ಕಣ್ಣಿಗೆ ಬೀಳಬಾರದು," ಅಂದಳು ಮಧುಮತಿ. ಶಾಲೆಯಿಂದ ಬಂದವಳು ಬ್ಯಾಗನ್ನು ಸೋಫಾದ ಮೇಲೆ ಎಸೆದು ಅದರ ಪಕ್ಕದಲ್ಲೇ ಕುಸಿದಿದ್ದಳು. "ಪೇಪರ್ ತಿದ್ದಿ ತಿದ್ದಿ ತಲಿ ಸಿಡ್ಯಾಕತ್ತೈತಿ. ಎಲ್ಲೆರ ಸಣ್ಣ ಊರಿಗೆ, ಗದ್ದಲ ಇಲ್ಲದ ಕಡೆ, ಮುಂಜಾನೆ ಹೋಗಿ ಸಂಜಿಕ ಬರೂಣು. ಯಾರ ಮನಿಗೂ ಹೋಗೂದು ಬ್ಯಾಡ."

"ಹೋಗೂಣಲ್ಲ," ಅಂದ ಪರಮಾನಂದ, ಮೊಬೈಲಿನಿಂದ ತಲೆ ಎತ್ತದೆ. "ಊರು ಯಾವುದು ಅಂತ ನೀವಽ ಹೇಳ್ರಿ."

ಜಗಳಕ್ಕೆ ಇಷ್ಟೇ ಸಾಕಾಯಿತು.

ಬನಹಟ್ಟಿಯ ಆ ಮನೆಯಲ್ಲಿ ಐದು ಮಂದಿ. ಪರಮಾನಂದನದು ಸೀರೆ ವ್ಯಾಪಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು. ಹೆಂಡತಿ ಮಧುಮತಿ ಹೈಸ್ಕೂಲ್ ಟೀಚರು. ಮಗಳು ಕಾವ್ಯ ಆಗಷ್ಟೇ ಕಾಲೇಜಿಗೆ ಸೇರಿದವಳು. ತಾಯಿ ರತ್ನಾಬಾಯಿ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆಗಿತ್ತು, ಆದರೂ ಯಾರಾದರೂ ಕೈ ಕೊಟ್ಟು ಎಬ್ಬಿಸದೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಆ ಕೈ ಸುವರ್ಣಾಳದು. ಸುವರ್ಣಾ ಪರಮಾನಂದನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೆ ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದವಳು. ವರ್ಷಗಟ್ಟಲೆ ಜಮಖಂಡಿ ಕೋರ್ಟಿಗೆ ಅಡ್ಡಾಡಿದ ಮೇಲೆ ವಿಚ್ಛೇದನದ ಸೋಡಚೀಟಿ ಸಿಕ್ಕಿತ್ತು. ಅಂದಿನಿಂದ ಈ ಮನೆಯ ಒಲೆ, ಬಚ್ಚಲು, ಈಗ ತಾಯಿಯ ಹಾಸಿಗೆ, ಎಲ್ಲವೂ ಅವಳ ಪಾಲಿಗೆ ಬಂದಿದ್ದವು.

ಅಂದು ಊಟಕ್ಕೆ ಕೂತಾಗ ಪರಮಾನಂದ ಬದಾಮಿ ಅಂದ.

"ಆ ಮೆಟ್ಟಲಾ ಹತ್ತೂದು, ಮಂಗ್ಯಾಗೋಳು ಕೈಯಾಗಿನ ಚೀಲ ಕಸಗೊಳ್ಳೂದು. ಅದು ಆರಾಮ ಅನ್ನತಾರೇನ್ರಿ?" ಅಂದಳು ಮಧುಮತಿ.

"ಕೂಡಲಸಂಗಮ?"

"ಶ್ರಾವಣದಾಗ ಹೋಗಿಲ್ಲೇನಪ್ಪಾ?" ಅಂದಳು ಕಾವ್ಯ. "ಗುಡಿ ಬ್ಯಾಡ. ಫೋಟೋ ತಗೀಲಿಕ್ಕೆ ಛಲೋ ಇರೋ ಊರು ಬೇಕು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸುವರ್ಣಾ ಕೈ ನಿಲ್ಲಿಸಿ ಅಲ್ಲಿಂದಲೇ ಹೇಳಿದಳು, "ಜಮಖಂಡಿಗೆ ಹೋಗೂಣಲ್ಲ. ರಾಮತೀರ್ಥದ ಗುಡ್ಡದ ಮ್ಯಾಲೆ ಅರಮನಿ ಐತಿ. ಗಿಡದ ನೆರಳು ಐತಂತ. ತಣ್ಣಗ ಇರತೈತಿ."

ಪರಮಾನಂದ ನಕ್ಕುಬಿಟ್ಟ. "ಜಮಖಂಡಿಗೆ ಯಾರರ ಟ್ರಿಪ್ ಹೋಗತಾರೇನು? ನಾ ವಾರಕ್ಕೊಮ್ಮೆ ಅಲ್ಲಿ ಬ್ಯಾಂಕಿಗೆ ಹೋಗಿ ಬರ್ತೇನಿ."

"ನಿನಗ ಬ್ಯಾಂಕು. ನಾ ನೋಡಿದ್ದು ಬರೇ ಕೋರ್ಟು. ಊರು ನೋಡಿಲ್ಲ."

"ರೊಟ್ಟಿ ಹೊತ್ತಾಕತ್ತೈತಿ ನೋಡು," ಅಂದಳು ಒಳಕೋಣೆಯಿಂದ ರತ್ನಾಬಾಯಿ. ಅವಳಿಗೆ ಎದ್ದು ಬರಲಾಗದಿದ್ದರೂ ಮೂಗು, ಕಿವಿ ಎರಡೂ ಚುರುಕಾಗಿದ್ದವು.

ರೊಟ್ಟಿ ಹೊತ್ತಿತ್ತು. ಮಾತು ಅಲ್ಲಿಗೆ ನಿಂತಿತು.

ಮುಂದಿನ ಕೆಲವು ದಿನ ಚಹಾಕ್ಕೆ ಒಂದು ಊರು, ಊಟಕ್ಕೆ ಒಂದು ಊರು ಬಂದು ಹೋದವು. ಮುಧೋಳ ಅಂದರೆ ಮಧುಮತಿಯ ತಂಗಿ ನಂದಾಳ ಮನೆಗೆ ಹೋಗಲೇಬೇಕು, ಆಮೇಲೆ ಅದು ಟ್ರಿಪ್ ಹೇಗಾದೀತು? ಕಡೆಗೆ ಕಾವ್ಯ ಫೋನಿನಲ್ಲಿ ಯಾವುದೋ ವಿಡಿಯೋ ತೋರಿಸಿ ಬೀಳಗಿ ಅಂದಳು. ಸಣ್ಣ ಊರು, ಹಳೇ ಬಾವಿ, ಕಲ್ಲಿನ ಗುಡಿ, ಮಂದಿ ಕಡಿಮೆ. ಮಧುಮತಿಯ ಮುಖ ಅರಳಿತು. ನಂದಾಳಿಗೆ ಆಗಲೇ ಫೋನ್ ಹೋಯಿತು. ನಂದಾ, ಅವಳ ಗಂಡ ನಾಮದೇವ ಇಬ್ಬರೂ ಐತವಾರ ಮುಂಜಾನೆ ಬನಹಟ್ಟಿಗೇ ಬಂದು, ಎಲ್ಲರೂ ಒಂದೇ ಕಾರಿನಲ್ಲಿ ಹೋಗುವುದು ಎಂದು ನಿಕ್ಕಿಯಾಯಿತು.

"ಬುತ್ತಿಗೆ ಏನೇನು ಮಾಡೂಣು ಸುವರ್ಣಾ?" ಮಧುಮತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಮಾಡು. ನಂದಾಗ ನಿನ್ನ ಕೈಯ ಹೋಳಿಗಿ ಅಂದ್ರ ಜೀವ."

ಸುವರ್ಣಾ ಪಾತ್ರೆ ತೊಳೆಯುತ್ತಿದ್ದಳು. "ಕಾರಿನಾಗ ಎಷ್ಟು ಮಂದಿ ಹಿಡೀತಾರ್ರಿ ವೈನಿ?"

"ಐದು."

"ಯಾರ್ಯಾರು?"

ಮಧುಮತಿ ಹೆಸರು ಹೇಳುತ್ತ ಹೋದವಳು ಐದನೆಯ ಹೆಸರಿಗೆ ಬಂದು ತಡವರಿಸಿದಳು.

"ನನ್ನ ಹೆಸರು ಬರಲಿಲ್ಲಲ್ರಿ," ಅಂದಳು ಸುವರ್ಣಾ.

"ಅತ್ತಿಯವರ ಹತ್ರ ಯಾರರ ಇರಬೇಕಲ್ಲವಾ?"

"ಅವರ ಮಗ ಇರಲಿ. ಸೊಸಿ ಇರಲಿ. ಮೊಮ್ಮಗಳು ಇರಲಿ. ನಾನಽ ಯಾಕ?"

ದನಿ ಏರಿದ್ದು ಕೇಳಿ ಪರಮಾನಂದ ಶೆಡ್ಡಿನಿಂದ ಒಳಗೆ ಬಂದ. "ಏನದು ಗದ್ದಲ?"

"ನಾನೂ ಬರ್ತೇನಿ ಅಂದೆ ಅಣ್ಣಾ. ಅಷ್ಟಽ."

"ಅವ್ವನ್ನ ಯಾರು ನೋಡೋರು?"

"ನಿನಗೂ ಅಕಿ ಅವ್ವ ಅಲ್ಲೇನು?"

"ನೋಡು, ಮಧು ವಾರಗಟ್ಟಲೆ ದುಡಿದು ಬರ್ತಾಳ. ಅಕಿಗೊಂದು ದಿನ ಆರಾಮ ಬೇಕು. ನೀ ಮನ್ಯಾಗಽ ಇರತಿ—"

ಸುವರ್ಣಾ ಕೈಯಲ್ಲಿದ್ದ ಬೋಗಾಣಿಯನ್ನು ಮೋರಿಗೆ ಬಡಿದಳು. "ಮನ್ಯಾಗ ಇರೋದು ಅಂದ್ರ ಮಲಗಿರೂದು ಅಂತ ತಿಳಕೊಂಡೀಯೇನು? ಮುಂಜಾನೆ ಎದ್ದು ಅವ್ವನ ಬಟ್ಟಿ ಒಗೀಯೋರು ಯಾರು? ನಿನ್ನ ಚಡ್ಡಿ ಬನೀನು ಒಗೀಯೋರು ಯಾರು? ವೈನಿ ಐತವಾರರ ಮಲಗತಾರ. ನನಗ ಐತವಾರ ಯಾವತ್ತ ಬಂದೈತಿ, ಹೇಳು!"

ಆಗ ಒಳಕೋಣೆಯಿಂದ ರತ್ನಾಬಾಯಿಯ ದನಿ ಬಂತು. "ಗಂಡನ ಮನಿ ಬಿಟ್ಟು ಬಂದಾಕಿಗೆ ತಿರುಗಾಟ ಬ್ಯಾರೆ ಬೇಕಾಗೈತೇನು?"

ಕಾವ್ಯ ತಲೆ ತಗ್ಗಿಸಿದಳು. ಪರಮಾನಂದ ಗೋಡೆ ನೋಡಿದ. ಅದು ಹೇಳಬಾರದ ಮಾತು ಅಂತ ಮೂವರಿಗೂ ಗೊತ್ತಿತ್ತು. ಆದರೆ ಒಬ್ಬರೂ "ಅವ್ವಾ, ಸುಮ್ಮಕಿರು" ಅನ್ನಲಿಲ್ಲ. ಸುವರ್ಣಾಳಿಗೆ ತಾಯಿಯ ಮಾತಿಗಿಂತ ಆ ಮೌನವೇ ಹೆಚ್ಚು ಉರಿಯಿತು.

ಆದರೂ ಅವಳು ದಾರಿ ಹುಡುಕಿದಳು. ಅಂಜನಾ ಅವಳ ಕನ್ನಡ ಶಾಲೆಯ ಗೆಳತಿ, ಅಂಚೆ ಕಚೇರಿಯಲ್ಲಿದ್ದ ಪರಸಪ್ಪನ ಮಗಳು, ಈಗ ಸರಕಾರಿ ದವಾಖಾನೆಯಲ್ಲಿ ನರ್ಸು. ರತ್ನಾಬಾಯಿ ಆಪರೇಷನ್ ಮುಗಿಸಿ ಬಂದ ಮೇಲೆ ರೋಗಿಯನ್ನು ಹೇಗೆ ಹೊರಳಿಸಬೇಕು, ಹೇಗೆ ಎಬ್ಬಿಸಬೇಕು ಅಂತ ಸುವರ್ಣಾಳಿಗೆ ಫೋನಿನಲ್ಲಿ ಹೇಳಿಕೊಟ್ಟವಳೂ ಅವಳೇ. ವಿಷಯ ಕೇಳಿದ ಕೂಡಲೇ ಅಂಜನಾ ಅಂದಳು, "ಆ ಐತವಾರ ನನಗ ರಜಾ ಐತಿ. ನಾ ಕುಂದರತೇನಿ ನಿಮ್ಮವ್ವನ ಹತ್ರ. ನೀ ಹೋಗಿ ಬಾ. ನಾಳೆ ಒಮ್ಮೆ ಬಂದು ಮಾತಾಡಿಸಿ ಹೋಗತೇನಿ."

ಮಾರನೇ ದಿನ ಸಂಜೆ ಡ್ಯೂಟಿ ಮುಗಿಸಿ ಬಾಳೆಹಣ್ಣು ಹಿಡಿದು ಬಂದಳು. ಪಡಸಾಲೆಯಲ್ಲಿ ಕೂಡಿಸಿದರು. ಪರಮಾನಂದ "ಆರಾಮ ಅದೀರಿ?" ಅಂದ. ಮಧುಮತಿ ಚಹಾ ತಂದಳು. ಎಲ್ಲರಿಗೂ ಸ್ಟೀಲಿನ ಲೋಟ. ಅಂಜನಾಳಿಗೆ ಕಾಗದದ ಕಪ್ಪು. ಹೋದ ವರ್ಷ ಕಾವ್ಯಳ ಹುಟ್ಟುಹಬ್ಬಕ್ಕೆ ತಂದು ಉಳಿದಿದ್ದ ಬಣ್ಣದ ಕಪ್ಪು. ಸುವರ್ಣಾ ಅದನ್ನು ನೋಡುವ ಮೊದಲೇ ಅಂಜನಾ ನೋಡಿದ್ದಳು. ಕಪ್ಪನ್ನು ತೆಗೆದುಕೊಂಡು ಟೀಪಾಯಿಯ ಮೇಲೆ ಇಟ್ಟಳು, ಕುಡಿಯಲಿಲ್ಲ.

ಸುವರ್ಣಾ ಒಳಗೆ ಹೋಗಿ ತಾಯಿಗೆ ಹೇಳಿದಳು. "ಅವ್ವಾ, ಐತವಾರ ಅಂಜನಾ ನಿನ್ನ ಹತ್ರ ಇರತಾಳ."

"ಯಾವ ಅಂಜನಾ?"

"ಪರಸಪ್ಪ ಕಾಕಾನ ಮಗಳು. ನರ್ಸ್ ಅದಾಳ."

ರತ್ನಾಬಾಯಿ ದನಿ ತಗ್ಗಿಸುವವಳಲ್ಲ. "ಪರಸಪ್ಪನ ಮಗಳ ಕೈಲೆ ನಾ ನೀರು ಕುಡೀಲೇನು? ಅಕಿ ನನ್ನ ಮೈ ಮುಟ್ಟಿ ಬಚ್ಚಲಕ್ಕ ಒಯ್ಯಬೇಕೇನು? ನನ್ನ ಸಾಯೋ ಕಾಲಕ್ಕ ಇದೊಂದು ಬಾಕಿ ಇತ್ತು ನೋಡು!"

ಮಗ್ಗಗಳು ಆಗಷ್ಟೇ ನಿಂತಿದ್ದವು. ಮನೆಯೆಲ್ಲ ನಿಶ್ಶಬ್ದ. ಒಂದೊಂದು ಅಕ್ಷರವೂ ಪಡಸಾಲೆಗೆ ಬಂತು.

ಸುವರ್ಣಾ ಹೊರಗೆ ಓಡಿ ಬಂದಾಗ ಅಂಜನಾ ಚಪ್ಪಲಿ ಮೆಟ್ಟಿ ನಿಂತಿದ್ದಳು. ಮಧುಮತಿ, "ತಪ್ಪು ತಿಳೀಬ್ಯಾಡ್ರಿ, ಹಿರ್ಯಾರು, ಹಳೇ ಕಾಲದವರು—" ಅನ್ನುತ್ತಿದ್ದಳು.

"ಅವರು ಹಳೇ ಕಾಲದವರು ಟೀಚರ್," ಅಂದಳು ಅಂಜನಾ. "ಈ ಕಾಗದದ ಕಪ್ಪು ತಂದವರು ಯಾವ ಕಾಲದವರು?"

ಮಧುಮತಿಯ ಮುಖ ಕೆಂಪಾಯಿತು. ಅಂಜನಾ ಮೆಟ್ಟಿಲಿಳಿದು ಹೋದಳು. ಸುವರ್ಣಾ ಓಣಿಯ ತಿರುವಿನವರೆಗೂ ಹಿಂದೆ ಹೋದಳು, ಅಲ್ಲಿ ಬರಿಗಾಲಲ್ಲಿ ನಿಂತು ಅತ್ತಳು.

"ನೀ ಯಾಕ ಅಳತಿ?" ಅಂಜನಾ ಸಿಟ್ಟಿನಿಂದಲೇ ಕೇಳಿದಳು. "ಅಂದವರು ಅವರು, ಅನಿಸಿಕೊಂಡಾಕಿ ನಾನು. ಐತವಾರ ನನಗ ರಜಾ ಐತಲ್ಲ, ಐತಿ. ನಾ ಜಮಖಂಡಿಗೆ ಹೋಗತೇನಿ. ಬರೋದಿದ್ದರ ಮುಂಜಾನೆ ಬಸ್ ಸ್ಟ್ಯಾಂಡಿಗೆ ಬಾ. ಬರದಿದ್ದರ ನಾ ಒಬ್ಬಾಕೇ ಹೋಗತೇನಿ."

ಸುವರ್ಣಾ ಕದ್ದುಮುಚ್ಚಿ ಹೋಗಲಿಲ್ಲ. ಶನಿವಾರ ಎಲ್ಲರಿಗೂ ಊಟಕ್ಕೆ ನೀಡುತ್ತ ನೆಟ್ಟಗೆ ಹೇಳಿದಳು. "ನಾಳೆ ನಾ ಇರಂಗಿಲ್ಲ. ಜಮಖಂಡಿಗೆ ಹೊಂಟೇನಿ. ಬುತ್ತಿ ಮಾಡಿಲ್ಲ. ಅವ್ವನ್ನ ಯಾರು ನೋಡತೀರಿ ಅಂತ ನೀವು ನೀವಽ ಮಾತಾಡಿಕೊಳ್ರಿ."

"ಆತು ಆತು, ಸಿಟ್ಟು ಇಳದ ಮ್ಯಾಲೆ ಹೋಳಿಗಿಗೆ ಕಣಕ ನೆನಿ ಹಾಕು," ಅಂದ ಪರಮಾನಂದ. ಯಾರೂ ನಂಬಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಹೇಳಿದ್ದನ್ನು ಯಾರಾದರೂ ನಂಬಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಐತವಾರ ನಸುಕಿಗೆ ಎದ್ದು ತಾಯಿಯನ್ನು ಬಚ್ಚಲಿಗೆ ಒಯ್ದಳು, ಮೈ ಒರೆಸಿ ಸೀರೆ ಉಡಿಸಿದಳು, ಚಹಾ ಕುಡಿಸಿದಳು. ನಂತರ ತನ್ನ ಹಸಿರು ಸೀರೆ ಉಟ್ಟು ಬಾಗಿಲು ದಾಟಿದಳು. ನಂದಾ, ನಾಮದೇವ ಬಂದು ಇಳಿದಾಗ ಮನೆಯಲ್ಲಿ ಒಲೆ ತಣ್ಣಗಿತ್ತು.

"ಖರೇನ ಹೋಗ್ಯಾಳೇನು?" ಪರಮಾನಂದ ಬಚ್ಚಲು, ಹಿತ್ತಲು, ಶೆಡ್ಡು ಎಲ್ಲ ನೋಡಿ ಬಂದ. "ಎಂಥಾ ಸೊಕ್ಕು ನೋಡು! ಮಧು, ಇವತ್ತ ನೀ ಉಳಿ."

"ನಾನ್ಯಾಕ ಉಳೀಲಿ? ಒಂದು ದಿನ ಕೇಳಿದಾಕಿ ನಾನು!"

"ಮತ್ತ ಅವ್ವನ್ನ ಯಾರು ಬಚ್ಚಲಕ್ಕ ಒಯ್ಯೋರು? ನಾ ಗಂಡಸು!"

"ನಿಮ್ಮ ತಾಯಿ. ನಿಮ್ಮ ತಂಗಿ. ನೀವಽ ನೋಡಿಕೊಳ್ರಿ." ಮಧುಮತಿ ನೀರಿನ ಬಾಟಲಿಯನ್ನು ಬ್ಯಾಗಿಗೆ ತುರುಕಿದಳು. "ಮಂದಿ ಮುಂದ ಆ ನರ್ಸಿನ ಕಡೆಯಿಂದ ಮಾತು ಕೇಳಿಸಿಕೊಂಡಾಕಿ ನಾನು. ಆವಾಗ ನೀವು ಬಾಯಿ ಬಿಟ್ಟಿರೇನು? ಕಾವ್ಯಾ, ಕಾರು ಹತ್ತು."

ಕಾವ್ಯ ಅಜ್ಜಿಯ ಕೋಣೆಯ ಕಡೆ ಒಮ್ಮೆ ನೋಡಿ ಕಾರು ಹತ್ತಿದಳು. ನಾಮದೇವ ಗಾಡಿ ತಿರುಗಿಸಿದ. ಪರಮಾನಂದ ಕಟ್ಟೆಯ ಮೇಲೆ ಬನಿಯನ್ನಿನಲ್ಲೇ ನಿಂತಿದ್ದ.

ಜಮಖಂಡಿಯಲ್ಲಿ ಸುವರ್ಣಾ, ಅಂಜನಾ ಆಟೋ ಮಾಡಿಕೊಂಡು ಗುಡ್ಡಕ್ಕೆ ಹೋದರು. ದಾರಿಯಲ್ಲಿ ಕೋರ್ಟಿನ ಕಾಂಪೌಂಡು ಬಂತು. ಐತವಾರವಾದ್ದರಿಂದ ಗೇಟು ಮುಚ್ಚಿತ್ತು.

"ಅಲ್ಲಿ ನಿಂದರತಿದ್ದೆ," ಅಂದಳು ಸುವರ್ಣಾ. "ಅಣ್ಣ ವಕೀಲರ ಸಂಗಡ ಮಾತಾಡಿ ಬಂದು ಬಸ್ಸು ಹತ್ತಿಸತಿದ್ದ. ಒಂದು ದಿನಾನೂ 'ಬಾ, ಊರು ನೋಡೂಣು, ಚಾ ಕುಡಿಯೂಣು' ಅನ್ನಲಿಲ್ಲ. ಮಂದಿ ನೋಡಿದರ ಅಂತ ಸೆರಗು ಹೊಚ್ಚಿಸಿ ಕೂಡಸತಿದ್ದ. ನಾನಽ ಏನೋ ಕಳವು ಮಾಡೇನಿ ಅನ್ನೋಹಂಗ."

ಗುಡ್ಡದ ಮೇಲೆ ಗಾಳಿ ಚೆನ್ನಾಗಿತ್ತು. ಹಳೇ ಅರಮನೆಯನ್ನು ಹೊರಗಿನಿಂದ ಸುತ್ತಿ ನೋಡಿದರು. ಕೆಳಗೆ ಊರು ಬಿಸಿಲಿಗೆ ಮೈ ಕಾಯಿಸುತ್ತ ಹರವಿಕೊಂಡಿತ್ತು. ಇಷ್ಟು ಹತ್ತಿರದ ಊರು, ಇಷ್ಟು ಚೆಂದದ ಊರು. ಸುವರ್ಣಾಳಿಗೆ ಖುಷಿಯಾಗಬೇಕಿತ್ತು, ಬಂದದ್ದು ಸಿಟ್ಟು. "ಇಷ್ಟಕ್ಕ ನಾ ಇಷ್ಟು ವರ್ಷ ಕಾಯಬೇಕಿತ್ತೇನು?" ಅಂದಳು. ಅಂಜನಾ ಮರದ ಬುಡದಲ್ಲಿ ಡಬ್ಬಿ ಬಿಚ್ಚಿದಳು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರನ್ನ. ಒಂದೇ ಡಬ್ಬಿಯಿಂದ ಇಬ್ಬರೂ ಉಂಡರು. ಬೇರೆಯವರು ಮಾಡಿದ ಅಡುಗೆಯನ್ನು ಕೂತಲ್ಲೇ ಉಣ್ಣುವುದು ಹೇಗಿರುತ್ತದೆ ಅನ್ನುವುದೇ ಸುವರ್ಣಾಳಿಗೆ ಮರೆತುಹೋಗಿತ್ತು.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಕಡೆಗೊಮ್ಮೆ ಎತ್ತಿದಳು.

"ಎಲ್ಲಿ ಅದಿ? ಈಗಿಂದೀಗ ಬಾ!" ಪರಮಾನಂದ ಚೀರಿದ. "ಅವ್ವ ಬಚ್ಚಲಕ್ಕ ಹೋಗಬೇಕಂತ. ನನ್ನ ಸಂಗಡ ಒಲ್ಲೆ ಅಂತಾಳ. ಬಾಜು ಮನಿ ಶಿವಗಂಗವ್ವನ ಕರಿಯಾಕ ಹೋದರ ಅವರ ಮನಿ ಕೀಲಿ ಹಾಕೈತಿ. ನಾ ಹೆಂಗ ಒಯ್ಯಲಿ ಅಕಿನ್ನ?"

"ಸಣ್ಣವ ಇದ್ದಾಗ ನಿನ್ನ ಅಕಿ ಹೆಂಗ ಒಯ್ದಳೋ ಹಂಗ," ಅಂದು ಸುವರ್ಣಾ ಫೋನ್ ಇಟ್ಟಳು.

ಇಟ್ಟವಳು ಡಬ್ಬಿಗೆ ಮುಚ್ಚಳ ಹಾಕಿ ಬಸ್ ಸ್ಟ್ಯಾಂಡಿನ ದಿಕ್ಕಿಗೆ ನೋಡಿದಳು. ಅಂಜನಾ ನೋಡಿದಳು. "ಹೋಗತಿಯೇನು?"

"ಇಲ್ಲ," ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಇಲ್ಲ. ಇವತ್ತ ಹೋದೆ ಅಂದ್ರ ಮುಗೀತು." ಬಿಸಿಲು ಇಳಿಯುವವರೆಗೂ ಕೂತಳು. ಆದರೆ ಆಮೇಲೆ ಅವಳಿಗೆ ಊರೂ ಕಾಣಲಿಲ್ಲ, ಅರಮನೆಯೂ ಕಾಣಲಿಲ್ಲ.

ಮನೆಗೆ ಬಂದಾಗ ಮಧುಮತಿ, ಕಾವ್ಯ ಇನ್ನೂ ಬೀಳಗಿಯಿಂದ ಬಂದಿರಲಿಲ್ಲ. ಪರಮಾನಂದ ಬಾಗಿಲಲ್ಲೇ ತಡೆದ.

"ಎಲ್ಲಿ ಹೋಗಿದ್ದಿ ಅಲ್ಲೇ ಇರು. ಹಡೆದ ತಾಯೀನ ಹಿಂಗ ಬಿಟ್ಟು ಹೋದಾಕಿಗೆ ಈ ಮನ್ಯಾಗ ಜಾಗ ಇಲ್ಲ."

"ಬಿಟ್ಟು ಹೋಗಿಲ್ಲ. ಮಗನ ಕೈಯಾಗ ಕೊಟ್ಟು ಹೋಗೇನಿ. ದಾರಿ ಬಿಡು."

"ಮುಂಜಾನಿಂದ ಒಂದು ಹನಿ ನೀರು ಕುಡಿದಿಲ್ಲ ಅಕಿ! ಕುಡಿದರ ಹೋಗಬೇಕಾಗತೈತಿ ಅಂತ!"

ಒಳಗಿನಿಂದ ರತ್ನಾಬಾಯಿ ಅಂದಳು, "ಪರಮಾ, ದಾರಿ ಬಿಡು." ಯಾವತ್ತಿನ ದನಿ ಅದಲ್ಲ.

ರತ್ನಾಬಾಯಿ ಹಾಸಿಗೆಯ ಅಂಚಿಗೆ ಹೇಗೋ ಜರುಗಿ, ವಾಕರ್ ಹಿಡಿದು, ಹಲ್ಲು ಕಚ್ಚಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಮಗಳನ್ನು ನೋಡಿದ ಕೂಡಲೇ, "ಕೈ ಕೊಡು," ಅಂದಳು.

ಸುವರ್ಣಾ ಕೈ ಚಾಚಲಿಲ್ಲ. "ಕೊಡತೇನಿ. ಮೊದಲ ಕೇಳು. ಇವತ್ತ ಈ ಕೈಲೆ ಅಂಜನಾನ ಡಬ್ಬಿಯಾಗಿನ ಅನ್ನ ಉಂಡೇನಿ. ಅಕಿ ಕಲಸಿದ ಅನ್ನ. ಅಕಿ ಬಾಟ್ಲಿ ನೀರು ಕುಡಿದೇನಿ. ಈ ಕೈ ನಡೀತೈತೇನು ನಿನಗ?"

"ಈಗ ಇದೆಲ್ಲ ಮಾತಾಡೋ ಹೊತ್ತೇನು?" ಪರಮಾನಂದ ಹಿಂದಿನಿಂದ ಕೂಗಿದ.

"ನೀ ಸುಮ್ಮಕಿರು. ಮುಂಜಾನಿಂದ ನಿನ್ನ ಕೈಗೂ ಅವಕಾಶ ಇತ್ತು." ಸುವರ್ಣಾ ಕಣ್ಣು ತಾಯಿಯ ಮೇಲಿಂದ ಕದಲಿಸಲಿಲ್ಲ. "ಹೇಳವ್ವಾ. ನಡೀತೈತೋ ಇಲ್ಲೋ?"

ರತ್ನಾಬಾಯಿ ಬೈಯಲು ಬಾಯಿ ತೆರೆದಳು. ಆಮೇಲೆ ತಟ್ಟನೆ ಕೈ ಚಾಚಿ ಮಗಳ ಮುಂಗೈಯನ್ನು ಉಗುರು ನೆಡುವಂತೆ ಹಿಡಿದಳು. ಸುವರ್ಣಾ ಅವಳನ್ನು ಎತ್ತಿ ನಿಲ್ಲಿಸಿದಳು.

ಬಚ್ಚಲಲ್ಲಿ ರತ್ನಾಬಾಯಿ ಅತ್ತಳು. "ಹಡೆದಾಕಿಗೆ ಹಿಂಗ ಕೇಳತಿಯಲ್ಲ."

"ನನಗೂ ನಾಚಿಕಿ ಆಗೈತಿ," ಅಂದಳು ಸುವರ್ಣಾ, ನೀರು ಹಾಕುತ್ತ. "ಆದರ ಕೇಳಿದ್ದು ತಪ್ಪಲ್ಲ."

ಬೀಳಗಿಯಿಂದ ಬಂದ ಮಧುಮತಿ ಸೀದಾ ತನ್ನ ಕೋಣೆಗೆ ಹೋದಳು. ಊರು ಹೇಗಿತ್ತು ಅಂತ ಯಾರೂ ಕೇಳಲೂ ಇಲ್ಲ. ಗಂಡಹೆಂಡಿರ ನಡುವೆ ವಾರವಿಡೀ ಮಾತಿಲ್ಲ. ಅಣ್ಣತಂಗಿಯ ನಡುವೆ ಅದಕ್ಕಿಂತ ಹೆಚ್ಚು ದಿನ. ತಾಟುಗಳ ಸಪ್ಪಳವೊಂದೇ. ಆದರೂ ಮನೆ ಹಿಂದಿನಂತೆ ಉಳಿಯಲಿಲ್ಲ. ಕಾವ್ಯ ಕಾಲೇಜಿಗೆ ಹೋಗುವ ಮೊದಲು ಅಜ್ಜಿಯನ್ನು ಎಬ್ಬಿಸಲು ಕಲಿತಳು, ಗೊಣಗುತ್ತಲೇ. ಪರಮಾನಂದ ತನ್ನ ಬಟ್ಟೆಯನ್ನು ಮಷೀನಿಗೆ ತಾನೇ ಹಾಕತೊಡಗಿದ, ಬಾಗಿಲು ದಡಾರನೆ ಬಡಿಯುತ್ತ. ಮುಂದಿನ ತಿಂಗಳ ಒಂದು ಐತವಾರ ಸುವರ್ಣಾ ಸೀರೆ ಉಟ್ಟು ಹೊರಟಾಗ "ಎಲ್ಲಿಗೆ?" ಅಂತ ಮಾತ್ರ ಕೇಳಿದ. "ಮುಧೋಳಕ್ಕ," ಅಂದಳು. ಅವನು ಅಂಗಿಯ ತೋಳು ಮೇಲೇರಿಸಿ ತಾಯಿಯ ಕೋಣೆಗೆ ಹೋದ.

ಬೇಸಿಗೆ ಶುರುವಾಗುವ ಹೊತ್ತಿಗೆ ರತ್ನಾಬಾಯಿಯ ಬೆನ್ನಿನ ಕೆಳಗೆ ಹುಣ್ಣಾಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು ಅಂದರು ಡಾಕ್ಟರು. ಎರಡು ದಿನ ನರಳಿದ ಮೇಲೆ ರತ್ನಾಬಾಯಿ ಗೋಡೆ ನೋಡುತ್ತ ಅಂದಳು, "ಆ ನಿನ್ನ ಗೆಳತೀನ ಕರಿ. ಮನಿಗೆ ಬಂದು ಮಾಡಿ ಹೋಗಲಿ. ನಾ ಏನೂ ಅನ್ನಂಗಿಲ್ಲ."

ಸುವರ್ಣಾ ಹೋಗಿ ಕೇಳಿದಳು. ಅಂಜನಾ ಒಂದು ಕ್ಷಣವೂ ಯೋಚಿಸಲಿಲ್ಲ. "ದವಾಖಾನಿಗೆ ಕರಕೊಂಡು ಬಾ. ಬಂದವರಿಗೆಲ್ಲ ಮಾಡತೇನಿ, ನಿಮ್ಮವ್ವಗೂ ಮಾಡತೇನಿ. ನಿಮ್ಮ ಹೊಸ್ತಿಲಾ ಮಾತ್ರ ದಾಟಂಗಿಲ್ಲ."

"ಇಷ್ಟು ಹಟ ಯಾಕ?" ಅಂದ ಪರಮಾನಂದ. ಆದರೂ ಕಾರು ತೆಗೆದ. ದವಾಖಾನೆಯ ಬೆಂಚಿನ ಮೇಲೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಕೂಲಿಯವರ, ಕೂಸು ಎತ್ತಿಕೊಂಡ ಬಾಣಂತಿಯರ ನಡುವೆ ರತ್ನಾಬಾಯಿ ತನ್ನ ಪಾಳಿಗಾಗಿ ಕಾದಳು. ಯಾರ ಭುಜ ಯಾರಿಗೆ ತಾಕುತ್ತಿದೆ ಅಂತ ನೋಡುವಷ್ಟು ಜಾಗವೂ ಆ ಬೆಂಚಿನಲ್ಲಿರಲಿಲ್ಲ.

ಹೆಸರು ಕರೆದಾಗ ಸುವರ್ಣಾ ಒಳಗೆ ಒಯ್ದು ಮಲಗಿಸಿದಳು. ಅಂಜನಾ ಬಂದು ಹುಣ್ಣು ತೊಳೆದು, ಔಷಧಿ ಹಚ್ಚಿ, ಪಟ್ಟಿ ಹಾಕಿದಳು. ಅವಸರ ಮಾಡಲಿಲ್ಲ, ನೋಯಿಸಲೂ ಇಲ್ಲ. ರತ್ನಾಬಾಯಿ ಕಣ್ಣು ಮುಚ್ಚಿ ಮಲಗಿದ್ದವಳು ಮುಗಿದ ಮೇಲೆ ತಿರುಗಿ ನೋಡಿದಳು.

"ನಿನ್ನ ಕೈ ಭಾಳ ಹಗುರ ಐತವ್ವಾ," ಅಂದಳು. ಅಂಜನಾ ಉಳಿದ ಹತ್ತಿಯನ್ನು ಟ್ರೇಗೆ ಹಾಕಿದಳು. ರತ್ನಾಬಾಯಿ ಗಂಟಲು ಸರಿಮಾಡಿಕೊಂಡಳು. "ಒಮ್ಮೆ ಮನಿಗೆ ಬಾ. ಚಾ ಕುಡಿದು ಹೋಗುವಂತಿ."

ಅಂಜನಾ ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು. ನಲ್ಲಿ ತಿರುಗಿಸಿ ಕೈ ತೊಳೆದುಕೊಂಡಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕೂಗಿದಳು.

"ಮುಂದಿನವರು ಬರ್ರಿ."